ಅಕ್ಕನ ಚಿತ್ರದ ಬಲಮೂಲೆ

ಮಾನ್ಯ ಪ್ರಧಾನ ಸಂಪಾದಕರೇ,

ನನ್ನ ಅಕ್ಕ ಯಾವ ಮಗುವಿಗೂ ಹೊಡೆದವಳಲ್ಲ. ಹೊಡೆದಳೆಂದು ಊರೆಲ್ಲ ನಂಬಿದ್ದು ನಿಮ್ಮ ಸಂಸ್ಥೆಯ ಒಂದು ವಿಡಿಯೊದಿಂದ. ಅದನ್ನು ನೋಡಿದವರಿಗೆಲ್ಲ ನಿಜ ತಿಳಿಸಿ ಎಂದು ನಿಮ್ಮವರಿಗೆ ಹೇಳಿ ಹೇಳಿ ನಾಲಿಗೆ ಸವೆದಿದೆ. ಆದ್ದರಿಂದ ಈಗ ಎಲ್ಲರಿಗೂ ಕೇಳಿಸುವಂತೆ ಹೇಳುತ್ತಿದ್ದೇನೆ.

ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಅಕ್ಕ ತನ್ನ ಮನೆಯ ಕೆಳಗಿನ ಕೋಣೆಗಳಲ್ಲಿ ನೋಡಿಕೊಳ್ಳುತ್ತಾಳೆ. ಕಳೆದ ವರ್ಷ ನಿಮ್ಮ ವರದಿಗಾರ್ತಿಯೇ ಬಂದು 'ಅಮ್ಮಂದಿರಿಗೊಂದು ಎರಡನೇ ತವರು' ಎಂದು ಅಕ್ಕರೆಯಿಂದ ಬರೆದಿದ್ದರು. ಅಕ್ಕ ಮಗುವೊಂದನ್ನು ಎತ್ತಿಕೊಂಡು ನಿಂತ ಚಿತ್ರವೂ ಇತ್ತು. ಈಚೆಗೆ ಬೇರೆ ಯಾವುದೋ ಊರಿನ ಪಾಲನಾ ಕೇಂದ್ರದಲ್ಲಿ ಹಸುಳೆಯೊಂದಕ್ಕೆ ಹೊಡೆದ ಸುದ್ದಿ ಬಂತು. ನಿಮಗೆ ತುರ್ತಾಗಿ ಒಂದು ಮುಖ ಬೇಕಿತ್ತು, ಅಕ್ಕನ ಮುಖ ನಿಮ್ಮ ಸಂಗ್ರಹದಲ್ಲಿ ಸಿದ್ಧವಿತ್ತು. ಬಲಮೂಲೆಯಲ್ಲಿ 'ಸಂಗ್ರಹ ಚಿತ್ರ' ಎಂಬ ಸಣ್ಣಕ್ಷರವೂ ಇತ್ತಂತೆ. ಆದರೆ ಅಡ್ಡ ಚಿತ್ರವನ್ನು ಫೋನಿಗೆಂದು ಉದ್ದಕ್ಕೆ ಕತ್ತರಿಸಿದಾಗ ಆ ಮೂಲೆಯೇ ಹಾರಿಹೋಯಿತು. ಉಳಿದದ್ದು ಅಕ್ಕ, ಬಾಯಿ ತೆರೆದ ಮಗು ಮತ್ತು 'ಪಾಲಕಿಯೋ, ರಾಕ್ಷಸಿಯೋ?' ಎಂಬ ಕೆಂಪಕ್ಷರ. ಸ್ವಾಮಿ, ಆ ಮಗು ಅಳುತ್ತಿರಲಿಲ್ಲ, ಆಕಳಿಸುತ್ತಿತ್ತು. ನಿಮ್ಮ ವೀಕ್ಷಕ ಮಹನೀಯರು 'ಪಾಪ, ಆ ಕೂಸು' ಎಂದು ಕಣ್ಣೀರು ಹಾಕಿದರು. ಕೆಲವರು ಅಕ್ಕನ ಬಾಗಿಲಿಗೇ ಬಂದು ಉಗಿದು ಹೋದರು.

ನಿಮ್ಮ ಕಚೇರಿಗೂ ಬಂದಿದ್ದೆ. ಯಾವ ಸುದ್ದಿಯನ್ನು ಎಷ್ಟು ಜನ ನೋಡುತ್ತಿದ್ದಾರೆಂಬ ಅಂಕಿಗಳು ಗೋಡೆಯ ಮೇಲೆ ಓಡುತ್ತಿದ್ದವು. ಕೆಳಗೆ ಅದೇ ವರದಿಗಾರ್ತಿ, ಕೊರಳಿಗೆ ಮೈಕು ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಫೋನು ಹಿಡಿದು ಕೂತಿದ್ದರು.

"ಸರ್, ಬರೆಯೋದು ನಾನೇ, ಶೂಟ್ ಮಾಡೋದು ನಾನೇ, ದನಿನೂ ನಂದೇ. ಹಳೇ ಫೋಟೊ ಹುಡುಕೋದು, ಕಟ್ ಮಾಡೋದು ಸಾಫ್ಟ್‌ವೇರು. ಅದು ಮುಖ ಉಳಿಸುತ್ತೆ, ಮೂಲೆ ತೆಗೆಯುತ್ತೆ. ಆಮೇಲೆ ನೋಡೋರು ಯಾರೂ ಇಲ್ಲ," ಎಂದು ತಲೆ ತಗ್ಗಿಸಿದರು. ಹಾಗೆ ನೋಡುತ್ತಿದ್ದವರನ್ನೆಲ್ಲ ನೀವು ಮನೆಗೆ ಕಳಿಸಿದ್ದೀರಂತೆ. ಸುದ್ದಿಯ ಭವಿಷ್ಯ ಇದೇ ಎಂದು ವೇದಿಕೆ ಸಿಕ್ಕಲ್ಲೆಲ್ಲ ಭಾಷಣ ಬಿಗಿಯುತ್ತೀರಲ್ಲ, ಆ ಭವಿಷ್ಯದಲ್ಲಿ ಒಂದು ಜೊತೆ ಕಣ್ಣಿಗೂ ಜಾಗವಿಲ್ಲವೇ? ನನಗೆ ಆ ಹೆಣ್ಣುಮಗಳ ಮೇಲೆ ಸಿಟ್ಟಿಲ್ಲ. ಇರುವುದು ನಿಮ್ಮ ಮೇಲೆ.

ನೀವು ತಿದ್ದುಪಡಿ ಹಾಕಿದಿರಿ, ನಿಜ. ಮುದ್ರಿತ ಪತ್ರಿಕೆಯ ಒಳಪುಟದಲ್ಲಿ, ಪದಬಂಧದ ಕೆಳಗೆ. ವಿಡಿಯೊ ನೋಡಿ ಉಗಿಯಲು ಬಂದವರು ಪದಬಂಧ ಬಿಡಿಸುವವರೇ? "ನಿಮ್ಮ ಮೇಲೆ ನಂಬಿಕೆ ಇದೆ ಅಕ್ಕಾ, ಮನೇಲಿ ಒಪ್ತಿಲ್ಲ," ಎನ್ನುತ್ತ ತಾಯಂದಿರು ಒಬ್ಬೊಬ್ಬರೇ ಮಕ್ಕಳನ್ನು ಬಿಡಿಸಿಕೊಂಡರು. ನಾನು ಕೂಗಾಡಿದರೆ ಅಕ್ಕ, "ಅವರನ್ನ ಬೈಬೇಡ. ಆ ವಿಡಿಯೊ ನೋಡಿದ್ರೆ ನಾನೂ ಕಳಿಸ್ತಿರ್ಲಿಲ್ಲ," ಎಂದಳು. ಈಗ ಅವಳ ಬಳಿ ಬರುವುದು ಒಂದೇ ಮಗು. ಅದು ಆಡಲು ಜೊತೆಗಾರರನ್ನು ಹುಡುಕಿ ಕೋಣೆಯಿಂದ ಕೋಣೆಗೆ ಓಡಾಡುತ್ತದೆ.

ನನ್ನ ಬೇಡಿಕೆ ಇಷ್ಟು. ಅದೇ ಫೋನಿನಲ್ಲಿ, ಅದೇ ಎದೆ ನಡುಗಿಸುವ ಸಂಗೀತದೊಂದಿಗೆ, ಅಷ್ಟೇ ಹೊತ್ತು, ಅಷ್ಟೇ ದಪ್ಪ ಕೆಂಪಕ್ಷರದಲ್ಲಿ 'ತಪ್ಪು ನಮ್ಮದು, ಈಕೆಯದಲ್ಲ' ಎಂದು ಹೇಳಿ. ಚಿತ್ರವೂ ಅದೇ ಇರಲಿ, ಆದರೆ ಪೂರ್ತಿ ಇರಲಿ. ಮಗುವಿನ ಮುಖ ತೋರಿಸಲು ಈ ಸಲವಾದರೂ ಅನುಮತಿ ಕೇಳಿ. ಕೊಡುತ್ತೇನೆ, ಕೊಡುವ ಹಕ್ಕು ನನಗಿದೆ.

ಇಂತಿ,
ಆಕಳಿಸುತ್ತಿದ್ದರೂ ನೀವು ಅಳಿಸಿದ, ಇಂದು ಬೆಳಿಗ್ಗೆಯೂ ನಗುತ್ತ ಸೋದರತ್ತೆಯ ತೋಳಿಗೆ ಹಾರಿದ, ಆ ಒಂದೇ ಮಗುವಿನ ಅಪ್ಪ