ಮಂಗನ ಮನೆಗೆ ಅಮ್ಮನ ಹೆಸರು

ಬ್ರಹ್ಮಾವರ
ಮಂಗಳವಾರ, ೧೧ ಫೆಬ್ರವರಿ ೨೦೨೫

ಪ್ರೀತಿಯ ತಮ್ಮ ರತೀಶನಿಗೆ,

ಹೇಗಿದ್ದಿ? ಮಂಡಿನೋವು ಕಡಿಮೆಯಾಯಿತೇ? ಮುಂಬಯಿಯಲ್ಲಿ ಎರಡು ಹೋಟೆಲಿನ ಜನರಿಗೆ ಹೊತ್ತುಹೊತ್ತಿಗೆ ಬಡಿಸುವ ಮಹಾರಾಯ ತಾನು ಮಾತ್ರ ನಾಲ್ಕು ಗಂಟೆಗೆ ಮಧ್ಯಾಹ್ನದ ಊಟ ಮಾಡುತ್ತಾನೆಂದು ನಿನ್ನ ಹೆಂಡತಿ ಚೇತನಾ ದೂರುತ್ತಿದ್ದಳು. ಅವಳ ಮಾತು ಕೇಳು. ನನ್ನ ಬಿಪಿ ಹತೋಟಿಯಲ್ಲೇ ಇತ್ತು, ಮೊನ್ನೆ ಭಾನುವಾರದವರೆಗೆ. ಅಕ್ಕ ಫೋನ್ ಬಿಟ್ಟು ಕಾಗದ ಯಾಕೆ ಬರೆದಳು ಎಂದು ಯೋಚಿಸಬೇಡ. ಫೋನಿನಲ್ಲಿ ನಾನು ಎರಡು ಮಾತಾಡುವಷ್ಟರಲ್ಲಿ ನೀನು "ಆಯ್ತ್ ಅಕ್ಕ, ನಾ ಕಾಂತೆ" ಎಂದು ಇಟ್ಟುಬಿಡುತ್ತಿ. ಕಾಗದಕ್ಕೆ ಹಾಗೆ ಮಾಡಲು ಬರುವುದಿಲ್ಲ.

ನೀನು ಹೇಳಿದ ಹಾಗೆ ಅಂಗಡಿಯಿಂದ ಸ್ಟೀಲಿನ ಬೋರ್ಡು ತಂದೆ. ಚೆನ್ನಾಗಿಯೇ ಬರೆದಿದ್ದಾರೆ: "ಜಲಜ ಶೆಡ್ತಿಯವರ ಸ್ಮರಣಾರ್ಥ, ಮಂಗಗಳ ಮನೆ". ಅಮ್ಮನ ಹೆಸರು ಹೊಳೆಯುವುದನ್ನು ನೋಡಿ ನನಗೂ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ಪೇಪರು ಸುತ್ತಿ, ಚೀಲಕ್ಕೆ ಹಾಕಿ, ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಕುಂದಾಪುರ, ಅಲ್ಲಿಂದ ಬೈಂದೂರು, ಮುಂದೆ ರಿಕ್ಷಾದಲ್ಲಿ, ಮಂಗಗಳ ಮನೆ ಕಟ್ಟಲು ನೀನು ದುಡ್ಡು ಕೊಟ್ಟ ಗುಡ್ಡದ ಮೇಲಿನ ಆ ಹೊಸ ಮೃಗಾಲಯ. ಮ್ಯಾನೇಜರು ಅತಿಥಿಗಳ ಜೊತೆ ಇದ್ದಾರೆ, ನಾಲ್ಕು ಗಂಟೆಯ ಮೇಲೆ ಬನ್ನಿ ಎಂದರು ಆಫೀಸಿನವರು. ದಾನ ಕೊಟ್ಟವನ ಅಕ್ಕ ಎಂದು ನಾನು ಹೇಳಲಿಲ್ಲ. ಎಲ್ಲರ ಹಾಗೆ ಟಿಕೇಟು ತೆಗೆದುಕೊಂಡು, ನಿನ್ನ ಮಂಗಗಳ ಮನೆಯ ಎದುರಿನ ಕಟ್ಟೆಯ ಮೇಲೆ ಚೀಲ ಪಕ್ಕಕ್ಕಿಟ್ಟು ಕುಳಿತೆ.

ಮೊದಲ ಹತ್ತು ನಿಮಿಷ ನನಗೂ ಹಿಡಿಸಿತು. ದೊಡ್ಡ ಗಾಜು, ಒಳಗೆ ಹಗ್ಗದ ಉಯ್ಯಾಲೆ, ಸಿಮೆಂಟಿನಲ್ಲಿ ಮಾಡಿದ ತೆಂಗಿನಮರ. ಅದಕ್ಕೆ ಕೆಂದಾಳಿ ಎಳನೀರಿನ ಬಣ್ಣ ಬಳಿದ ಸಿಮೆಂಟಿನ ಕಾಯಿಗಳು. ಫೋಟೋ ತೆಗೆಯುವವರಿಗೆ ಹಬ್ಬ. ಆದರೆ ನಾನು ಫೋಟೋ ತೆಗೆದು ಆನೆಯ ಕಡೆಗೆ ಓಡುವವಳಲ್ಲವಲ್ಲ. ಹತ್ತು ಗಂಟೆಯಿಂದ ನಾಲ್ಕರವರೆಗೆ ಕುಳಿತೆ. ಒಂದು ಮಂಗವೂ ಆ ಮರ ಹತ್ತಲಿಲ್ಲ. ಬಿಸಿಲೇರಿದ ಮೇಲೆ ನೆಲದ ಸಿಮೆಂಟು ಕಾದು, ಒಂದು ಕಾಲು ಎತ್ತಿ ಇನ್ನೊಂದು ಇಡುತ್ತಿದ್ದವು. ಒಂದು ಗಂಡು ಮೂಲೆಯಿಂದ ಮೂಲೆಗೆ ಅದೇ ಎಂಟು ಹೆಜ್ಜೆ ಹೋಗುವುದು, ತಿರುಗುವುದು. ಜನ ಬಂದವರೆಲ್ಲ ಗಾಜಿಗೆ ಬಡಿಯುವುದು. ಎಳೆಮರಿ ಎದೆಗಂಟಿಸಿಕೊಂಡ ಒಂದು ತಾಯಿ ಮಾತ್ರ ಹಿಂದಿನ ಗೋಡೆಯ ತಗಡಿನ ಬಾಗಿಲಿಗೆ ಹಣೆಯಿಟ್ಟು, ನಮಗೆ ಬೆನ್ನು ಹಾಕಿ ಕುಳಿತಿತ್ತು. ಇಡೀ ಹಗಲು ಅದು ಅಲ್ಲಿಂದ ಏಳಲಿಲ್ಲ.

ಅಲ್ಲಿ ತಿಂಡಿ ಹಾಕುವ ಬಚ್ಚ ಎಂಬವನನ್ನು ಕೇಳಿದೆ, ಆ ಬಾಗಿಲಿನ ಹಿಂದೆ ಏನಿದೆ ಎಂದು. ತಂಪಾದ ಕೋಣೆ ಇದೆಯಂತೆ, ಹುಲ್ಲು ಹಾಸಿದೆಯಂತೆ. "ಹಗ್ಲೊತ್ತಿಗೆ ತೆಗುಕಿಲ್ಲ ಅಂದಿರ್ ಅಮ್ಮಾ. ಟಿಕೇಟ್ ತಕಂಡ್ ಬಂದರ್ ಮಂಗ ಕಾಣ್ದಿದ್ರೆ ಗಲಾಟಿ ಮಾಡ್ತ್ರ್" ಎಂದ ಪಾಪ, ನೆಲ ನೋಡುತ್ತ. ಕೋಣೆ ಇಲ್ಲದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ ರತೀಶ. ಇದೆ, ಚಿಲಕ ಹಾಕಿದ್ದಾರೆ. ನನ್ನನ್ನು ಹೆಣ್ಣು ನೋಡಲು ಬಂದ ದಿನ ಹದಿನೆಂಟು ಜನ ಚಾವಡಿಯಲ್ಲಿ ಕುಳಿತು ನೋಡಿದ್ದರು. ಆದರೂ ಕಾಫಿ ಕೊಟ್ಟಾದ ಮೇಲೆ ನನಗೆ ಒಳಗೆ ಹೋಗಲು ಬಾಗಿಲಿತ್ತು.

ನಿನಗೆ ನೆನಪಿದೆಯೋ ಇಲ್ಲವೋ. ಅಮ್ಮನಿಗೆ ಮಂಗಗಳ ಮೇಲೆ ಪ್ರೀತಿಯೇನೂ ಇರಲಿಲ್ಲ. ತೆಂಗಿನ ಬೊಂಡ ಕಿತ್ತು ಬಿಸಾಡುತ್ತವೆ ಎಂದು ಡಬ್ಬ ಬಡಿದು ಬಡಿದು ಅವರ ಕೈ ದಡ್ಡುಗಟ್ಟಿತ್ತು. ನೀನು ಏಳು ವರ್ಷದವನಿದ್ದಾಗ ಒಂದು ಮಂಗನ ಮರಿಯನ್ನು ಕೋಳಿಗೂಡಿನೊಳಗೆ ಹಾಕಿ, ಕೇರಿಯ ಮಕ್ಕಳನ್ನೆಲ್ಲ ಕರೆದು ತೋರಿಸುತ್ತಿದ್ದೆ. ಹಾಗಿದ್ದರೂ ಮರಿಯ ತಾಯಿ ಹಂಚಿನ ಮೇಲೆ ಕುಳಿತು ಕಿರುಚುವುದು ಕೇಳಿ ಅಮ್ಮ ಗದ್ದೆಯಿಂದ ಓಡಿ ಬಂದರು. "ಅದ್ರ್ ಅಬ್ಬಿ ಹಂಚಿನ್ ಮೇಲ್ ಕೂಕಂಡಿತ್, ಕಾಂತಿಲ್ಯಾ ನಿಂಗೆ? ನೀ ಒಂದ್ ಗಳ್ಗಿ ಕೂಕೋ ಅದ್ರೊಳ್ಗೆ, ಕಾಂಬ" ಎಂದು ಮರಿಯನ್ನು ಬಿಟ್ಟು ನಿನ್ನನ್ನು ಗೂಡಿಗೆ ತಳ್ಳಿದರು. ಮಕ್ಕಳೆಲ್ಲ ನಿಂತು ನಿನ್ನನ್ನು ನೋಡಿ ನಕ್ಕರು. ನೀನು ಅಳುವುದಕ್ಕೆ ಐದು ನಿಮಿಷವೂ ಬೇಕಾಗಲಿಲ್ಲ. ಅಂಥವರ ಹೆಸರು, ನೀನು ಈಗ ಗಾಜಿನ ಗೂಡಿನ ಮೇಲೆ ಹಾಕಿಸುತ್ತಿರುವುದು.

ಹೊರಗೆ ಬರುವಾಗ, ಹೇಗಿತ್ತು ಎಂದು ಕೇಳುವ ಒಂದು ಚೀಟಿ ಕೊಟ್ಟರು. ನಗುವ ಮುಖ, ಸಪ್ಪೆ ಮುಖ, ಅಳುವ ಮುಖ; ಒಂದಕ್ಕೆ ಗುರುತು ಹಾಕಬೇಕಂತೆ. ಇದು ನನ್ನ ಮುಖವೋ ಮಂಗನ ಮುಖವೋ ಎಂದು ಕೇಳಿದೆ. ಕೌಂಟರಿನ ಹುಡುಗಿ ಪೆನ್ನು ಮುಂದಿಟ್ಟಳು. ಚೀಟಿ ತಿರುಗಿಸಿ ಹಿಂದುಗಡೆ ತುಂಬ ಬರೆದೆ: ಹಗಲು ಆ ಬಾಗಿಲು ತೆರೆದಿರಲಿ, ನೆಲಕ್ಕೆ ಮಣ್ಣು ಹಾಕಿ, ಸಿಮೆಂಟಿನ ಮರ ಒಡೆದು ಒಂದು ಗೋಳಿಮರ ನೆಡಿ, ಮಂಗ ಕಾಣದ ದಿನ ಕಾಣದೆ ಹೋಗುವುದನ್ನು ಜನರೂ ಕಲಿಯಲಿ. ಕೆಳಗೆ ಹೆಸರು, ಊರು, ಫೋನ್ ನಂಬರು ಎಲ್ಲ ಬರೆದು ಮ್ಯಾನೇಜರ ಕೈಗೇ ಕೊಟ್ಟೆ. ಅವರು ಓದಿ ನಕ್ಕು, "ಮೇಡಂ, ಜನರಿಗೆ ಕಾಣಬೇಕಲ್ಲ" ಎಂದರು. ನನಗೆ ಕಂಡಿದೆ ಎಂದೆ.

ಇಪ್ಪತ್ತಮೂರಕ್ಕೆ ಬೋರ್ಡು ಏರಿಸುವ ಕಾರ್ಯಕ್ರಮ, ಕಾರ್ಡು ಹಂಚಿಯಾಗಿದೆ, ಮುಂಬಯಿಯಿಂದ ನಿನ್ನ ಸಂಘದವರು ಬರುತ್ತಾರೆ, ಎಲ್ಲ ಗೊತ್ತು. ನಿನ್ನ ಮರ್ಯಾದೆ ಹೋಗುತ್ತದೆ ಎಂದು ನೀನು ಕೂಗಾಡುವುದೂ ಗೊತ್ತು. ಕೂಗು. ಆದರೆ ನಮ್ಮಲ್ಲಿ ಮನೆತನ ಹೆಣ್ಣುಮಕ್ಕಳಿಂದ ಮುಂದುವರಿಯುವುದು ಎನ್ನುವುದನ್ನು ಮರೆಯಬೇಡ. ನಿನ್ನ ಮಕ್ಕಳದು ಅವರ ತಾಯಿಯ ಮನೆ. ಜಲಜ ಶೆಡ್ತಿಯ ಹೆಸರು ಎಲ್ಲಿ ಬರೆಯಬೇಕು, ಎಲ್ಲಿ ಬರೆಯಬಾರದು ಎಂದು ಹೇಳಬೇಕಾದವಳು ಈ ಮನೆಯ ಹಿರಿಯ ಮಗಳು. ದುಡ್ಡು ನಿನ್ನದು, ಕೊಡು, ಬೇಡವೆನ್ನುವುದಿಲ್ಲ. ಹೆಸರು ನನ್ನ ಒಪ್ಪಿಗೆಯಿಲ್ಲದೆ ಏರುವುದಿಲ್ಲ.

ಚೇತನಾಳಿಗೆ, ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ಸಿಟ್ಟಿನಲ್ಲಿದ್ದರೂ ನಿನಗೂ ಇದೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ,
ಹರಿಣಾಕ್ಷಿ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು: ಬೋರ್ಡನ್ನು ನಾನು ಅಲ್ಲಿ ಕೊಡಲಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ವಾಪಸು ತಂದೆ. ನನ್ನ ಮಂಚದ ಕೆಳಗಿದೆ, ಹೊಸದು ಮಾಡಿಸುವ ಯೋಚನೆ ಬೇಡ, ಅಂಗಡಿಯವನಿಗೂ ಹೇಳಿ ಬಂದಿದ್ದೇನೆ. ನಿನಗೆ ಬೇಕಾದರೆ ಯಾರಿಗೂ ಹೇಳದೆ ಬಾ, ಟಿಕೇಟು ತೆಗೆದುಕೊಂಡು ಹತ್ತರಿಂದ ನಾಲ್ಕರವರೆಗೆ ಆ ಕಟ್ಟೆಯ ಮೇಲೆ ಕುಳಿತುಕೋ. ಆಮೇಲೂ ಅಲ್ಲಿ ಅಮ್ಮನ ಹೆಸರು ಇರಬೇಕು ಅನ್ನಿಸಿದರೆ ಬೋರ್ಡನ್ನು ನಾನೇ ಹಿಡಿಯುತ್ತೇನೆ, ಮೊಳೆ ನೀನು ಹೊಡಿ.