ರಂಗೋಲಿ ಪುಡಿಯ ಮೇಲೆ ಎಡಗಾಲು

೪ ಜನವರಿ ೧೯೮೨, ಸೋಮವಾರ

ನೀರು ಹಿಡಿದಾಯಿತು. ಇವರನ್ನು ಎಬ್ಬಿಸಿ, ಭುಜ ಕೊಟ್ಟು, ಬಚ್ಚಲಿಗೆ ಕರೆದೊಯ್ದು, ಮತ್ತೆ ಮಂಚಕ್ಕೆ ತಂದಾಯಿತು. ಬಲಭುಜ ಕಿತ್ತುಹೋಗುವಂತಿದೆ. ಫ್ಯಾಕ್ಟರಿಗೆ ಸುಣ್ಣ ಬಳಿಯುವಾಗ ಏಣಿಯಿಂದ ಬಿದ್ದು ಎಡತೊಡೆ ಮುರಿದದ್ದು ಮಳೆಗಾಲದಲ್ಲಿ. ಮೂಳೆ ಕೂಡಿದೆ ಅಂತ ಡಾಕ್ಟರು ಹೇಳಿಯೂ ಬಹಳ ದಿನವಾಯಿತು. ಕಾಲು ಮಾತ್ರ ಊರುತ್ತಿಲ್ಲ. ಊರದೇ ಹೋದರೆ? ನನಗೆ ಯಾವಾಗಲೂ ಕೆಟ್ಟದ್ದೇ ಮೊದಲು ಹೊಳೆಯುವುದು.

ಪಕ್ಕದ ಮನೆ ಮುನಿಕೆಂಪಮ್ಮ ನಲ್ಲಿ ಹತ್ತಿರ ಹಿಡಿದುಕೊಂಡಳು.

"ಗಂಗಮ್ಮ, ಗಾರ್ಮೆಂಟ್ಸ್ ಸೂಪರ್‌ವೈಜರ್ ಒಪ್ಕೊಂಡವ್ನೆ ಕಣವ್ವ. ನಿನ್ ಹೊಲಿಗೆ ನೋಡಿ ಬಾಯ್ ಬುಟ್ಟ. ಫೆಬ್ರವರಿ ಒಂದಕ್ಕೆ ಬಂದ್ಬುಡು. ಬರ್ನಿಲ್ಲ ಅಂದ್ರೆ ಇನ್ನೊಬ್ಳು ಕಾಯ್ಕೊಂಡ್ ಕುಂತವ್ಳೆ."

ಆರನೇ ಕ್ಲಾಸಿಗೆ ಸ್ಕೂಲು ಬಿಡಿಸಿದ ಮೇಲೆ ನನ್ನನ್ನು 'ಬಾ' ಅಂತ ಯಾರೂ ಕರೆದಿರಲಿಲ್ಲ. ಹೋಗಬೇಕು ಅನ್ನಿಸುತ್ತದೆ. ಆದರೆ ಇವರನ್ನು ಎತ್ತುವವರು ಯಾರು?

೮ ಜನವರಿ, ಶುಕ್ರವಾರ, ಸಂಜೆ

ಫ್ಯಾಕ್ಟರಿಯವರು ಫಿಸಿಯೋಥೆರಪಿ ಮೇಡಂ ಒಬ್ಬರನ್ನು ಕಳಿಸಿದ್ದಾರೆ. ಶಹರ್ಬಾನು ಅಂತ ಹೆಸರು. ಆರ್.ಟಿ. ನಗರದಿಂದ ಲೂನಾದಲ್ಲಿ ಬಂದರು. ಇವರು ಕೆಲಸಕ್ಕೆ ಫಿಟ್ ಹೌದೋ ಅಲ್ಲವೋ ಅಂತ ಬರೆದುಕೊಡುವವರೂ ಅವರೇ.

ಕಾಲು ತಿಕ್ಕಿ ಹೋಗುತ್ತಾರೆ ಅಂದುಕೊಂಡಿದ್ದೆ. ಕೈಯೇ ಹಚ್ಚಲಿಲ್ಲ. ಗೋಡೆಗೆ ಒರಗಿ ನಿಂತು ನೋಡಿದರು. ನಡೀರಿ... ತಿರುಗಿ... ಬನ್ನಿ. ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ. ಹೆಣ್ಣು ನೋಡಲು ಬಂದವರೂ ಇಷ್ಟು ನೋಡುವುದಿಲ್ಲ.

ಇವರಿಗೆ ರೇಗಿತು. "ನಾ ಏನ್ ನಾಟಕದ ಪಾತ್ರಧಾರಿ ಏನ್ರಿ?"

"ಟಿಕೆಟ್ ಇಲ್ದೆ ನೋಡ್ತಿದೀನಿ, ಕೋಪ ಮಾಡ್ಕೋಬೇಡಿ. ಇನ್ನೊಂದ್ಸಲ ನಡೀರಿ."

ಆಮೇಲೆ ನನ್ನನ್ನು ಕೇಳಿದರು, "ರಂಗೋಲಿ ಪುಡಿ ಇದ್ಯಾ ಅಮ್ಮಾ?" ಕೆಂಪು ಗಾರೆ ನೆಲದ ಮೇಲೆ ಮಂಚದಿಂದ ಹೊಸಿಲವರೆಗೆ ತೆಳ್ಳಗೆ ಉದುರಿಸಿ ಇವರನ್ನು ನಡೆಸಿದರು. ಬಲಗಾಲಿನ ಗುರುತು ಪೂರ್ತಿ ಬಿತ್ತು. ಎಡಗಾಲಿಗೆ ಹಿಮ್ಮಡಿಯೇ ಇಲ್ಲ, ಬೆರಳು ಎಳೆದ ಗೀರು ಮಾತ್ರ.

"ನಾನು ವಾರಕ್ಕೊಂದ್ಸಲ ಬರೋಳು. ನೀವು ದಿನಾ ನೋಡೋರು, ಕಲ್ತ್ಕೊಳ್ಳಿ. ಮುಖ ನೋಡ್ಬೇಡಿ, ಸೊಂಟ ನೋಡಿ. ನೋವಿರೋ ಕಾಲಿನ್ ಮೇಲೆ ಯಾರೂ ಜಾಸ್ತಿ ಹೊತ್ತು ನಿಲ್ಲಲ್ಲ. ಬಿಸಿ ಹಂಚು ತುಳಿದಂಗೆ ಎತ್ಬಿಡ್ತಾರೆ. ನೋಡಕ್ಕಾಗ್ಲಿಲ್ವಾ, ಕೇಳಿ. ಹಿಮ್ಮಡಿ ಊರಿದ್ರೆ ಧಪ್ ಅನ್ನುತ್ತೆ. ಎಳೆದ್ರೆ ಸರ್ ಅನ್ನುತ್ತೆ."

ರಾತ್ರಿ ಅಡುಗೆ ಮಾಡುವಾಗಲೂ ಕಿವಿ ಅಲ್ಲೇ. ಸರ್... ಸರ್...

೧೪, ಗುರುವಾರ. ಸಂಕ್ರಾಂತಿ

ಬೆಳಗ್ಗೆ ಮೇಡಂ ಹೇಳಿದಂತೆ ಪುಡಿ ಉದುರಿಸಿ ಇವರನ್ನು ನಡೆಸಿದೆ. ಅದೇ ಗೀರು. ಅಳಿಸಿ, ಈ ಸಲ ಅಡುಗೆಮನೆವರೆಗೂ ಹೊಸದಾಗಿ ಉದುರಿಸಿಟ್ಟೆ, ಸಂಜೆಗೂ ಇರಲಿ ಅಂತ. ಎಳ್ಳು ಬೀರಲು ವಠಾರದ ಮನೆಗಳಿಗೆ ಹೋದೆ. ಮುನಿಕೆಂಪಮ್ಮ ಕೂರಿಸಿಕೊಂಡಳು, ತಡವಾಯಿತು. ಇವರಿಗೆ ಬಾಯಾರಿದರೆ? ಬಿದ್ದಿದ್ದರೆ? ಓಡಿ ಬಂದೆ.

ಮಂಚದ ಮೇಲೇ ಇದ್ದರು. ಕಣ್ಣು ಮುಚ್ಚಿದ್ದರು.

ಪುಡಿಯ ಮೇಲೆ ಹೆಜ್ಜೆ. ಮಂಚದಿಂದ ಅಡುಗೆಮನೆ ಗೂಡಿನವರೆಗೆ. ಅಲ್ಲಿಂದ ವಾಪಸ್. ಎರಡೂ ಹಿಮ್ಮಡಿ ದುಂಡಗೆ, ಅಚ್ಚೊತ್ತಿದ ಹಾಗೆ. ಅಂತರ ಸಮ. ಗೂಡಿನಲ್ಲಿಟ್ಟಿದ್ದ ಎಳ್ಳಿನ ಡಬ್ಬಿ ಅರ್ಧ ಖಾಲಿ.

ಖುಷಿಯಾಗಬೇಕಿತ್ತು. ಯಾರಾದರೂ ನೋಡುವ ಮೊದಲು ಬಟ್ಟೆ ತಂದು ಒರೆಸಿದೆ. ಯಾಕೆ ಒರೆಸಿದೆನೋ.

ಆಮೇಲೆ ಎದ್ದು ಕೂತು ಭುಜ ಕೇಳಿದರು. ಕೊಟ್ಟೆ.

೧೯, ಮಂಗಳವಾರ

ಇಷ್ಟು ದಿನ ಬಾಯಿ ಬರಲಿಲ್ಲ. ಇವತ್ತು ಊಟಕ್ಕೆ ಬಡಿಸುತ್ತ ಅಂದೆ.

"ಎಳ್ಳು ಯಾರು ತಿಂದ್ರೀ?"

"ಇಲಿ ತಿಂದಿರಬೇಕು."

"ಇಲಿ ಕಾಲು ಭಾಳ ದೊಡ್ಡದದ ಬಿಡ್ರಿ."

ತುತ್ತು ಕೈಯಲ್ಲೇ ನಿಂತಿತು. ಅದನ್ನು ತಟ್ಟೆಗೆ ವಾಪಸ್ ಹಾಕಿ ಅಂದರು, "ಫಿಟ್ ಅಂತ ಬರದ್ರ ಮತ್ತ ಏಣಿ ಹತ್ತು ಅಂತಾರ ಗಂಗಾ. ಕಣ್ಣು ಮುಚ್ಚಿದ್ರ ಸಾಕು, ನೆಲ ಮ್ಯಾಲ ಬರತೈತಿ. ನನ್ನ ಕೈಲೆ ಆಗೂದಿಲ್ಲ."

ನಾನು ಗಾರ್ಮೆಂಟ್ಸ್ ಮಾತು ತೆಗೆದೆ. ತಲೆ ಅಲ್ಲಾಡಿಸಿದರು.

"ಹೆಂಡ್ತಿ ಕೆಲಸಕ್ಕ ಹೋದ್ಲಂದ್ರ ಇಂವ ಒಬ್ಬನ ಹೆಂಗ ಏಳ್ತಾನ ಅಂತ ಕೇಳೂದಿಲ್ಲೇನು ಫ್ಯಾಕ್ಟರಿಯವ್ರು? ನೀ ಮನ್ಯಾಗ ಇರಬೇಕು. ಇಷ್ಟ ಮಾಡು."

ಇಷ್ಟೇ. ಇವರು ಮಂಚದಲ್ಲಿ, ನಾನು ಮಂಚದ ಪಕ್ಕದಲ್ಲಿ. ಯಶವಂತಪುರದ ಗೂಡ್ಸ್ ಗಾಡಿಗಳು ಹಗಲೆಲ್ಲ ಹೋಗುವುದು ಕೇಳಿಸುತ್ತದೆ. ಎಷ್ಟು ಡಬ್ಬಿ ಇರುತ್ತವೋ, ಒಂದೂ ಇಲ್ಲಿ ನಿಲ್ಲುವುದಿಲ್ಲ.

೨೨, ಶುಕ್ರವಾರ

ಮೇಡಂ ಬಂದರು. ಹೋದ ವಾರ ಹಬ್ಬ ಅಂತ ಬಂದಿರಲಿಲ್ಲ. ಇವರನ್ನು ನಡೆಸಿದರು. ಏನೋ ಬರೆದುಕೊಂಡರು, ಏನಂತ ಗೊತ್ತಿಲ್ಲ. ಆದರೆ ನನಗೂ ಈಗ ಕಣ್ಣಿದೆಯಲ್ಲ... ಇವರು 'ನೋವಿನ' ಕಾಲಿನ ಮೇಲೆ ಆರಾಮಾಗಿ ನಿಂತು, ಆಮೇಲೆ ನೆನಪಾಗಿ ಮುಖ ಕಿವುಚಿದರು.

ಹೊರಗೆ ಲೂನಾ ಹತ್ತಿರ ಮೇಡಂ ಕೇಳಿದರು, "ಮನೇಲಿ ಹೆಂಗೆ ನಡೀತಾರೆ? ನೀವು ನೋಡಿರ್ತೀರಲ್ಲ."

"ಹಾಗೇ ಇದೆ ಮೇಡಂ."

ನನ್ನನ್ನೇ ನೋಡಿದರು. ಮುಖವನ್ನಲ್ಲ. ನಿಂತ ರೀತಿಯನ್ನು. "ಒಳಗೆ ಬನ್ನಿ. ಈಗ ನೀವು ನಡೀರಿ."

ನಕ್ಕೆ. ಅವರು ನಗಲಿಲ್ಲ. ಅವರೇ ಹೊಸದಾಗಿ ಉದುರಿಸಿದ ಪುಡಿಯ ಮೇಲೆ ನಡೆದೆ, ತಿರುಗಿ ನೋಡಿದೆ. ನನ್ನ ಬಲಗಾಲು ಆಳವಾಗಿ ಒತ್ತಿ, ಹೊರಕ್ಕೆ ತಿರುಗಿತ್ತು. ಎಡಗಾಲು ಗಡಿಬಿಡಿಯಲ್ಲಿ ಇಟ್ಟ ಹಾಗೆ ಹಗುರ.

"ಬಲಕ್ಕೆ ವಾಲ್ತೀರಿ. ಭುಜ ಇಳಿದಿದೆ. ಈಗ ಯಾರೂ ಒರಗಿಲ್ಲ, ಆದ್ರೂ ನೀವು ಹೊತ್ಕೊಂಡೇ ನಡೀತಿದೀರಿ." ಮಂಚದ ಕಡೆ ತಿರುಗಿ ದೊಡ್ಡದಾಗಿಯೇ ಅಂದರು, "ಕಾಶಿನಾಥ್ ಅವ್ರೇ, ಏಣಿಯಿಂದ ಬಿದ್ದೋರಿಗೆ ಮತ್ತೆ ಏಣಿ ಅಂದ್ರೆ ಹೆದರ್ಕೆ ಇರುತ್ತೆ, ಎಷ್ಟೋ ಜನರನ್ನ ನೋಡಿದೀನಿ. ಏಣಿ ಕೆಲಸ ಬೇಡ, ನೆಲದ ಮೇಲಿನ ಕೆಲಸ ಕೊಡಿ ಅಂತ ನಾನು ಬರೀಬಹುದು. ಆದ್ರೆ ನಡೆದು ತೋರಿಸ್ಬೇಕು. ಹೆದರ್ಕೆ ಅಂತ ನಿಮ್ಮ ಬಾಯಿಂದಾನೇ ಬರ್ಬೇಕು. ಒಂದನೇ ತಾರೀಕು ಬೆಳಗ್ಗೆ ಬರ್ತೀನಿ. ಅವತ್ತೇ ಕೊನೆ."

ಇವರು ಗೋಡೆಯ ಕಡೆ ಹೊರಳಿದರು.

೩೦, ಶನಿವಾರ

ಇಡೀ ವಾರ ಭುಜ ಕೊಡುವುದು, ಇಳಿಸುವುದು. "ಗಂಡಸು ಹೆದರೇನಿ ಅಂತ ಹೆಂಗ ಹೇಳೂದು?" ಅಂತ ಒಮ್ಮೆ ಗೊಣಗಿದರು. ನಾನು ಹುಟ್ಟಿದಾಗಿನಿಂದ ಹೇಳುತ್ತಲೇ ಇದ್ದೇನೆ, ಏನೂ ಆಗಿಲ್ಲ ಅಂದೆ. ನಗು ಬಂತೇನೋ ಇವರಿಗೆ. ಕಾಣಿಸಲಿಲ್ಲ.

೧ ಫೆಬ್ರವರಿ, ಸೋಮವಾರ, ಬೆಳಗ್ಗೆ

ಸೀರೆ ಉಟ್ಟಾಯಿತು. ಡಬ್ಬಿ ಕಟ್ಟಾಯಿತು. ಮಂಚದಿಂದ ಹೊಸಿಲವರೆಗೆ ಪುಡಿ ಉದುರಿಸಿ, ಹಿಂದೆ ಹಿಂದೆ ಸರಿಯುತ್ತ ಹೊರಗೆ ಬಂದುಬಿಟ್ಟೆ. ಜಗಲಿ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ. ಬೆನ್ನು ಒಳಕ್ಕೆ ಮಾಡಿದ್ದೇನೆ.

ಮುನಿಕೆಂಪಮ್ಮ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ. "ಬತ್ತೀಯಾ ಇಲ್ವಾ? ಸೈರನ್ ಆಯ್ತದೆ ಕಣವ್ವ!"

ಬೀದಿ ತಿರುವಿನಲ್ಲಿ ಲೂನಾ ಸದ್ದು.

ಒಳಗಿಂದ, "ಗಂಗಾ, ಭುಜಾ ಕೊಡು ಬಾ."

ಏಳಲಿಲ್ಲ. ಬಲಭುಜ ತಾನೇ ಇಳಿಯಿತು, ಎತ್ತಿ ಹಿಡಿದೆ.

"ಗಂಗಾ..."

ಈಗ ಕರೆಯುತ್ತಿಲ್ಲ. ಮಂಚ ಕಿರ್ ಅಂದಿತು. ನೋಡುವುದಿಲ್ಲ. ಕೇಳುತ್ತೇನೆ ಅಷ್ಟೆ. ಧಪ್. ಅದು ಬಲಗಾಲು. ಇನ್ನು ಎಡ—