ಸರಿಯಿದ್ದೇನೆ ಎಂಬ ಉತ್ತರ

ಫೆಬ್ರವರಿ ೩೦, ೨೧೮೭
ಆರೈಕೆ ದಳದ ಬಯಲು ಶಿಬಿರ

ಸುಚೇತಜ್ಜಿಗೆ ನಮಸ್ಕಾರ.

ತಾರೀಖು ತಪ್ಪಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ, ಆಗ ನಮಗೆ ರಜೆ. ಈ ಕಾಗದ ಕಾಲದಲ್ಲಿ ಹಿಂದಕ್ಕೆ ಬಂದು ನಿಮ್ಮ ಕೈ ಸೇರುತ್ತದೆ. ನಿಮ್ಮ ಕಾಲದ ಕನ್ನಡವನ್ನು ನಾನು ಓದಿ ಕಲಿತವಳು, ಮಾತು ತೊಡಕಾದರೆ ಮನ್ನಿಸಿ. ನಿಮಗಿನ್ನೂ ಇಪ್ಪತ್ತೊಂದು ವರ್ಷ, ನಾಳೆ ಸೇನೆಯ ನರ್ಸಿಂಗ್ ತರಬೇತಿಗೆ ಹೊರಟಿದ್ದೀರಿ. ನನಗೆ ಮೂವತ್ತನಾಲ್ಕು. ಆದರೂ ನೀವು ನನ್ನ ಮುತ್ತಜ್ಜಿಯ ಅಜ್ಜಿ. ಹೆಸರು ಹಿಡಿದು ಕರೆಯಲು ನಾಲಿಗೆ ಏಳುವುದಿಲ್ಲ.

ನಾನೂ ನಿಮ್ಮ ಹಾದಿಯಲ್ಲೇ ಬಂದೆ. ಆರೈಕೆ ದಳ ಎನ್ನುತ್ತೇವೆ ಈಗ. ಮೊದಲ ನಾಲ್ಕು ತಿಂಗಳು ಬರೀ ಕವಾಯತು: ಬೂಟು ಕಟ್ಟುವುದು, ಹಾಸಿಗೆ ಮಡಿಸುವುದು, ಜೋಡಿಯನ್ನು ಹೊತ್ತು ಓಡುವುದು. ಸೂಜಿ, ಬ್ಯಾಂಡೇಜು ಎಲ್ಲ ಆಮೇಲೆ. ಜೋಡಿ ಎಂದರೆ ಮೊದಲ ದಿನ ನಮ್ಮ ಪಕ್ಕದಲ್ಲಿ ನಿಂತವರು. ಕೊನೆಯವರೆಗೂ ಒಬ್ಬರಿಗೊಬ್ಬರು ರೋಗಿ, ಒಬ್ಬರಿಗೊಬ್ಬರು ದಾದಿ. ನನ್ನ ಜೋಡಿ ವಿಜಯಪುರದ ಕಡೆಯ ಗುರುಬಾಯಿ. ನಾನು ಅವಳನ್ನು ಹೊತ್ತು ಏದುಸಿರು ಬಿಡುವಾಗ ಬೆನ್ನ ಮೇಲಿನಿಂದಲೇ, "ಇನ್ನೆರಡು ರೊಟ್ಟಿ ತಿನ್ನವ್ವ, ನನ್ನ ಕೆಡವಿದ್ರ ನಿಮ್ಮವ್ವಗ ಹೇಳ್ತೀನಿ" ಎನ್ನುತ್ತಿದ್ದಳು. ಅವಳೆಂದರೆ ನನಗೆ ಪ್ರಾಣ.

ದಳದಲ್ಲಿ ಒಂದು ರೂಢಿಯಿದೆ. ಹೇಗಿದ್ದೀ ಎಂದು ಯಾರು ಕೇಳಿದರೂ "ಸರಿಯಿದ್ದೇನೆ" ಎಂದೇ ಹೇಳಬೇಕು. ಪಾದ ಒಡೆದು ರಕ್ತ ಬಂದರೂ ಅದೇ ಉತ್ತರ. ಬೇರೆ ಹೇಳಿದರೆ ಹೇಳಿದವಳೂ ಅವಳ ಜೋಡಿಯೂ ಅವತ್ತಿನ ನಡಿಗೆಯನ್ನು ಮೊದಲಿನಿಂದ ನಡೆಯಬೇಕು.

ಬರಿಗೈ ನಡಿಗೆಯ ದಿನ ಬಂತು. ಮೈಬಿಸಿ ತೋರಿಸುವ ಪಟ್ಟಿಗಳನ್ನು ಬಿಚ್ಚಿಟ್ಟು, ಕಣ್ಣು ಕೈಗಳನ್ನಷ್ಟೇ ನಂಬಿ ಮೂವತ್ತು ಕಿಲೋಮೀಟರ್ ನಡೆಯುವ ಪಾಠ ಅದು. ಬಿಸಿಲಿಗೆ ನೆಲ ಸುಡುತ್ತಿತ್ತು. ಕೊನೆಯ ತಿರುವಿನಲ್ಲಿ ಗುರುಬಾಯಿಯ ಹೆಜ್ಜೆ ತಪ್ಪಿತು. ಹೇಗಿದ್ದೀ ಎಂದು ಕೇಳಿದೆ. "ಸರಿಯಿದ್ದೇನೆ" ಎಂದಳು, ನಾನು ಮತ್ತೆ ನಡೆಯುವಂತಾಗಬಾರದೆಂದು. ನಾನು ನಂಬಿದೆ. ಹಣೆ ಮುಟ್ಟಿದ್ದರೆ ಬೆವರು ನಿಂತು ಮೈ ಕೆಂಡವಾಗಿದ್ದು ತಿಳಿಯುತ್ತಿತ್ತು. ದಾದಿಯಾಗಲು ಬಂದವಳು ನಾನು, ಮುಟ್ಟಲೇ ಇಲ್ಲ. ಶಿಬಿರದ ಬಾವುಟ ಕಾಣುವಷ್ಟು ದೂರದಲ್ಲಿ ಅವಳು ಬಿದ್ದಳು. ಹೊತ್ತು ಓಡಿದೆ. ಅವತ್ತು ಬೆನ್ನ ಮೇಲಿನಿಂದ ಮಾತೇ ಬರಲಿಲ್ಲ. ಸಂಜೆಗೆ ತೀರಿಕೊಂಡಳು.

ಹನ್ನೆರಡು ವರ್ಷವಾಯಿತು. ಈಗ ನಾನೇ ಕಲಿಸುವವಳು. ಹುಡುಗಿಯರನ್ನು ಹೇಗಿದ್ದೀ ಎಂದು ಕೇಳುವುದಿಲ್ಲ, ಸುಮ್ಮನೆ ಹಣೆ ಮುಟ್ಟಿ ನೋಡುತ್ತೇನೆ. ಕಳೆದ ವಾರ ಆ ರೂಢಿ ತಂದವರು ಯಾರೆಂದು ಹಳೆಯ ಕಡತ ತೆಗೆಸಿದೆ. ನಿಮ್ಮ ಹೆಸರಿತ್ತು. ಮುಂದೆ ನೀವು ಕಲಿಸುವ ಶಿಬಿರದಲ್ಲಿ, ಕಾಲುನೋವು ಎಂದವರನ್ನೆಲ್ಲ ಮನೆಗೆ ಕಳಿಸಿಬಿಡುತ್ತಾರಂತೆ. ಹುಡುಗಿಯರು ಉಳಿದುಕೊಳ್ಳಲೆಂದು ನೀವು ಈ ಉತ್ತರ ಹೇಳಿಕೊಡುತ್ತೀರಂತೆ. ಮಮತೆಯಿಂದಲೇ ಹೇಳಿಕೊಡುತ್ತೀರಿ, ಗೊತ್ತು. ಆದರೂ ನಿಮ್ಮ ಮೇಲೆ ಸಿಟ್ಟು ಬಂತು, ಅಜ್ಜಿ. ಆಮೇಲೆ ಅಳು ಬಂತು.

ನಾಳೆ ಹೊಸ ಬೂಟು ನಿಮ್ಮ ಹಿಮ್ಮಡಿ ಕಚ್ಚುತ್ತದೆ. ಯಾರಾದರೂ ಹೇಗಿದ್ದೀ ಎಂದು ಕೇಳಿದರೆ, ಕೈ ಮುಗಿಯುತ್ತೇನೆ, ನೋಯುತ್ತಿದೆ ಎಂದುಬಿಡಿ. ಮನೆಗೆ ಕಳಿಸಿದರೂ ಕಳಿಸಲಿ. ಹಾಗಾದರೆ ಆ ರೂಢಿ ಹುಟ್ಟುವುದೇ ಇಲ್ಲ. ನಮ್ಮ ವಂಶದಲ್ಲಿ ಯಾರೂ ದಾದಿಯಾಗಲಾರರು, ನನಗೆ ಗುರುಬಾಯಿಯ ಪರಿಚಯವೂ ಆಗಲಾರದು. ಆಗದಿದ್ದರೆ ಬೇಡ. ವಿಜಯಪುರದಲ್ಲಿ ಅವಳು ಇನ್ಯಾರನ್ನೋ ರೇಗಿಸಿಕೊಂಡು ಇರಲಿ.

ನಿಮ್ಮ
ಸಂಪಿಗೆ